ಡಾನ್ಯೂಬ್ ತೀರದ ಒಂದು ಶಬ್ದ

ರುಮೇನಿಯಾ ದೇಶದ ನೈಋತ್ಯದಲ್ಲಿ, ಡಾನ್ಯೂಬ್ ಮಹಾನದಿಯ ದಡದ ಮೇಲೆ, ದ್ರೊಬೇತಾ-ತುರ್ನು ಸೆವೆರಿನ್ ಎಂಬ ಪಟ್ಟಣವಿರುವುದು. ದಾಸಿಯಾ ರಾಜ್ಯವನ್ನು ಗೆಲ್ಲಲೆಂದು ರೋಮಿನ ಚಕ್ರವರ್ತಿ ಟ್ರಾಜನನು ಕ್ರಿ.ಶ. ೧೦೩ರಿಂದ ೧೦೫ರೊಳಗೆ ಕಟ್ಟಿಸಿದ ಸೇತುವೆಯ ಮುರುಕು ಕಂಬವು ಇಂದಿಗೂ ಅಲ್ಲಿ ನಿಂತಿದೆ. ಪ್ರವಾಸಿಗರು ಅದನ್ನು ನೋಡಿ ಹಿಂದಿರುಗುವರು. ನಮ್ಮನ್ನು ಸೆಳೆದುದಾದರೋ ಆ ಸೈನ್ಯದ ಭಾಷೆಯೊಡನೆ ಬಂದು ಮುರಿಯದೆ ಉಳಿದ ಒಂದು ಶಬ್ದ.

ರುಮೇನಿಯನರು ಹೃದಯವನ್ನು 'ಇನಿಮ' ಎನ್ನುವರು. ಕನ್ನಡಿಗನ ಕಿವಿಗೆ ಒಡನೆಯೇ ಇನಿ, ಇನಿಯ ಎಂಬುವು ಹೊಳೆಯುವುವು. ಅರೆಗಲಿತ ಸಂಸ್ಕೃತಜ್ಞನಿಗೆ ಅಣಿಮಾದಿ ಸಿದ್ಧಿಗಳೇ ನೆನಪಾದಾವು. ಎರಡೂ ಸಲ್ಲವು. ಹೆಸರು ಹೋಲಿತೆಂದು ಆಸ್ತಿಯಲ್ಲಿ ಪಾಲು ಕೇಳಬಹುದೆ?

ಇನಿಮದ ತಾಯಿ ಲ್ಯಾಟಿನಿನ 'ಅನಿಮ'. ಅದಕ್ಕೆ ಉಸಿರು, ಜೀವ, ಆತ್ಮ ಎಂದರ್ಥ. ಹೃದಯಕ್ಕೆ ಲ್ಯಾಟಿನಿನಲ್ಲಿ 'ಕೋರ್' ಎಂಬ ಬೇರೆ ಶಬ್ದವಿತ್ತು. ಇಟಲಿ, ಫ್ರಾನ್ಸುಗಳಲ್ಲಿ ಅದರ ಸಂತತಿಯೇ ಇಂದಿಗೂ ಹೃದಯವಾಚಕವಾಗಿದೆ. ರುಮೇನಿಯನ್ ಭಾಷೆಯಲ್ಲಿ ಮಾತ್ರ ಆತ್ಮವು ಎದೆಗೂಡಿಗೆ ಇಳಿಯಿತು. ಬರಿದಾದ ಆತ್ಮಸ್ಥಾನವನ್ನು ತುಂಬಿದುದು 'ಸುಫ್ಲೆತ್'. 'ಊದು' ಎಂಬರ್ಥದ ಕ್ರಿಯಾಪದದಿಂದ ಹುಟ್ಟಿದುದು, ಎಂದರೆ ಮತ್ತೆ ಉಸಿರೇ! ಹಳ್ಳಿಯ ಮಾತಿನಲ್ಲಿ ಇನಿಮವು ಇನ್ನೂ ಕೆಳಗಿಳಿದು ಹೊಟ್ಟೆಯನ್ನು ಸೇರಿದೆ. 'ಬರಿಹೊಟ್ಟೆಯಲ್ಲಿ' ಎಂಬುದಕ್ಕೆ ಅವರು 'ಬರಿದಾದ ಇನಿಮದ ಮೇಲೆ' ಎನ್ನುವರು. ಮಮತೆಯನ್ನು ಕರುಳಿನಲ್ಲಿಟ್ಟ ನಮಗೆ ಇದೇನೂ ಸೋಜಿಗವಲ್ಲ.

ಅನಿಮಕ್ಕೂ ಹಿಂದೆ ಹೋದರೆ ನಮಗೆ ಪರಿಚಿತವಾದ ಮನೆಯೇ ಕಾಣುವುದು. ಗ್ರೀಕರ 'ಅನೆಮೊಸ್' ಎಂದರೆ ಗಾಳಿ. ಸಂಸ್ಕೃತದಲ್ಲಿ ಅದಾದಿಗಣದ 'ಅನ್' ಧಾತು, ಅನಿತಿ, ಉಸಿರಾಡುತ್ತಾನೆ. ಅನಿಲ, ಪ್ರಾಣ, ಅಪಾನ, ವ್ಯಾನಗಳೆಲ್ಲ ಇದರ ಮಕ್ಕಳು. ಈ ಭಾಷೆಗಳಿಗೆಲ್ಲ ಒಂದೇ ಮೂಲವಿರಬೇಕೆಂದು ವಿಲಿಯಂ ಜೋನ್ಸನು ೧೭೮೬ರಲ್ಲಿ ಕಲ್ಕತ್ತೆಯಲ್ಲಿ ನುಡಿದನು. ಕನ್ನಡವು ಆ ಕುಲದ್ದಲ್ಲ; ಆದರೂ 'ಪ್ರಾಣ ಹೋಯಿತು' ಎನ್ನುವ ನಮ್ಮ ಮನೆಯ ಅಜ್ಜಿಯೂ ಇನಿಮದ ಸೋದರಿಯನ್ನೇ ಉಚ್ಚರಿಸುತ್ತಾಳೆ.

ರೋಮಿನ ಸೈನ್ಯವು ಸುಮಾರು ೨೭೧-೨೭೫ರಲ್ಲಿ ದಾಸಿಯಾವನ್ನು ಬಿಟ್ಟುಹೋಯಿತು. ಲ್ಯಾಟಿನ್ ಆಡುವ ಜನರು ನದಿಯ ಉತ್ತರದಲ್ಲಿಯೇ ನಿಂತರೋ, ದಕ್ಷಿಣದಿಂದ ಮರಳಿ ಬಂದರೋ ಎಂದು ವಿದ್ವಾಂಸರು ಇಂದಿಗೂ ಜಗಳವಾಡುವರು. ತೇದಿಯುಳ್ಳ ರುಮೇನಿಯನ್ ಬರಹಗಳಲ್ಲಿ ಈಗ ದೊರೆತಿರುವ ಅತಿ ಹಳೆಯದು ೧೫೨೧ರದು: ಕಿಂಪುಲುಂಗಿನ ನ್ಯಾಕ್ಷು ಎಂಬಾತನು ತುರುಕರ ದಂಡಿನ ಚಲನವಲನವನ್ನು ತಿಳಿಸಿ ಬ್ರಾಷೊವ್ ನಗರಕ್ಕೆ ಬರೆದ ಪತ್ರ. ಅದೂ ಸಿರಿಲಿಕ್ ಲಿಪಿಯಲ್ಲಿದೆ. ನಡುವಣ ಸಾವಿರದ ಇನ್ನೂರಕ್ಕೂ ಮಿಕ್ಕ ವರ್ಷ ಇನಿಮವನ್ನು ಯಾವ ಉಪಾಧ್ಯಾಯನೂ ಹಲಗೆಯ ಮೇಲೆ ಬರೆದು ತಿದ್ದಿಸಲಿಲ್ಲ. ಬಾಳೆಲ್ಲ ತಿದ್ದಿಸುವುದರಲ್ಲೇ ಕಳೆದ ನಮಗೆ ಇದನ್ನು ಒಪ್ಪುವುದು ಸ್ವಲ್ಪ ಕಷ್ಟವೇ. ಕುರಿ ಕಾಯುವವರೂ ತೊಟ್ಟಿಲು ತೂಗುವವರೂ ಅದನ್ನು ಕಾಪಾಡಿದರು.