ಬಚ್ಚಲಮನೆಯ ಹಂಡೆ

ಪುಣೆಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಬ್ಯಾಂಕಿನಲ್ಲಿ ಮರಾಠಿ, ಮನೆಯಲ್ಲಿ ನಮ್ಮ ಆಳಂದದ ಕಡೆಯ ಕನ್ನಡ ಮಾತಾಡುತ್ತ ದಿನ ಕಳೆಯುವವ ನಾನು. ಓದಿದ್ದು ಬಿಕಾಂ, ಇತಿಹಾಸಕ್ಕೂ ನನಗೂ ಅಷ್ಟಕ್ಕಷ್ಟೆ. ಆದರೂ ಇದೊಂದು ವಿಷಯ ಬರೆಯಲೇಬೇಕು ಅನ್ನಿಸಿದೆ.

2019ರ ಮಾತು. ಮಗಳು ಒಂಬತ್ತನೇ ಕ್ಲಾಸು. ಅವಳ ಪುಸ್ತಕದಲ್ಲಿ ಹಿಟ್ಲರನ ಪಾಠ ಇತ್ತು. ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದ ಕಥೆ ಓದಿ ಹುಡುಗಿ ಎರಡು ದಿನ ಮಂಕಾಗಿದ್ದಳು. ರಾತ್ರಿ ಊಟಕ್ಕೆ ಕೂತಾಗ, "ಪಪ್ಪಾ, ಅಕ್ಕಪಕ್ಕದ ಮನೆಯವರು ಸುಮ್ಮನೆ ಹೇಗೆ ನೋಡ್ತಾ ಇದ್ರು? ಆ ಜನ ಎಷ್ಟು ಕೆಟ್ಟವರಲ್ಲಾ?" ಅಂದಳು. ನಾನು "ಹೌದು" ಅಂದು ರೊಟ್ಟಿ ಮುರಿದೆ.

ಅವ್ವ ಆಗ ನಮ್ಮ ಮನೆಯಲ್ಲೇ ಇದ್ದಳು. "ಅಷ್ಟು ದೂರ ಯಾಕ ಹೋಗ್ತಿ ಯವ್ವಾ, ನಮ್ಮ ಊರಾಗೇ ಆಗ್ಯದ" ಅಂದಳು.

ಆ ಕಥೆ ನನಗೆ ಗೊತ್ತು ಅಂದುಕೊಂಡಿದ್ದೆ. ನಿಜಾಮನ ರಾಜ್ಯ, ಲಾತೂರಿನ ವಕೀಲ ಕಾಸಿಂ ರಜ್ವಿ, ಅವನ ರಜಾಕಾರರ ಹಾವಳಿ. ಬೀದರ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದರು ಅಂತ ಊರವರು ಹೇಳುತ್ತಾರೆ. ಅಲ್ಲಿ 2023ರಲ್ಲಿ ಸ್ಮಾರಕವೂ ಆಯಿತು. ಆ ಹೆದರಿಕೆಯಲ್ಲೇ ಅವ್ವನ ಮನೆಯವರು ರಾತ್ರೋರಾತ್ರಿ ಬಂಡಿ ಕಟ್ಟಿ ಸೊಲ್ಲಾಪುರದ ಕಡೆ ಓಡಿದ್ದರು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು, 17ಕ್ಕೆ ನಿಜಾಮ ಶರಣಾದ. ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆ ತಾರೀಖಿಗೆ ಅತ್ತ ಕಲಬುರಗಿಯಲ್ಲೂ ಇತ್ತ ಮರಾಠವಾಡದಲ್ಲೂ ಧ್ವಜ ಏರುತ್ತದೆ.

ಅವ್ವ ಅವತ್ತು ಅಲ್ಲಿಗೇ ನಿಲ್ಲಿಸಲಿಲ್ಲ.

"ನಾವು ತಿರುಗಿ ಬಂದಾಗ ಬಾಜೂ ಬಳೆಗಾರ ಸಾಬರ ಮನಿ ಬಾಗಲಾ ಮುರದಿತ್ತು. ಒಳಗ ಯಾರೂ ಇದ್ದಿಲ್ಲ. ಅವರ ಹುಡುಗಿ ನನ್ನ ಓರಗಿ, ಕೂಡೇ ಆಡತಿದ್ವಿ. ಅವರೇನು ರಜಾಕಾರರಲ್ಲ, ಬಳಿ ಮಾರೋರು. ಅವರ ತಾಮ್ರದ ಹಂಡೆ ನಮ್ಮ ಮನಿಗಿ ಬಂತು. ಹೆಂಗ ಬಂತು ಅಂತ ಯಾರೂ ಕೇಳಲಿಲ್ಲ."

ಆ ಹಂಡೆ ನನಗೆ ಚೆನ್ನಾಗಿ ಗೊತ್ತು! ಅಜ್ಜನ ಮನೆಯ ಬಚ್ಚಲಲ್ಲಿ ಅದರ ನೀರು ಮೈಮೇಲೆ ಸುರಿದುಕೊಂಡು ಬೆಳೆದವ ನಾನು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬಕ್ಕೆ ಅದರ ಕೊರಳಿಗೆ ಹೂವಿನ ಮಾಲೆ ಹಾಕುತ್ತಿದ್ದೆವು.

ಮಗಳು ಕೇಳಿಯೇ ಬಿಟ್ಟಳು, "ಅಂದ್ರೆ ನಿಮ್ಮಪ್ಪ ಕೆಟ್ಟವರಾ, ಅಜ್ಜೀ?"

"ನಮ್ಮಪ್ಪ ಛಲೋ ಮನಷ್ಯಾ. ಅದಕ್ಕೇ ಹೇಳಲಾಕ ಇಷ್ಟು ವರ್ಷ ಹಿಡೀತು" ಅಂದಳು ಅವ್ವ.

ಆಮೇಲೆ ನಾನು ಹುಡುಕಿ ಓದಿದೆ. ಪೊಲೀಸ್ ಆ್ಯಕ್ಷನ್ ನಂತರ ಏನಾಯಿತು ಅಂತ ನೋಡಲು ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಇದ್ದ ಸಮಿತಿಯನ್ನು ದಿಲ್ಲಿಯಿಂದ ಕಳಿಸಿದ್ದರು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಅವರು ಅಲ್ಲಿದ್ದರು. ಒಟ್ಟು 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು, ಹೆಚ್ಚಾಗಿ ಮುಸಲ್ಮಾನರು, ಅಂತ ಅವರ ಅಂದಾಜು. ಅತಿ ಹೆಚ್ಚು ಪೆಟ್ಟು ತಿಂದವು ನಾಲ್ಕು ಜಿಲ್ಲೆಗಳು: ಉಸ್ಮಾನಾಬಾದ್ (ಈಗಿನ ಧಾರಾಶಿವ), ನಾಂದೇಡ್, ಬೀದರ್ ಮತ್ತು ನಮ್ಮ ಗುಲಬರ್ಗಾ. ಆ ವರದಿ ದಶಕಗಳ ಕಾಲ ಪ್ರಕಟವಾಗಲೇ ಇಲ್ಲ. ಎ.ಜಿ. ನೂರಾನಿಯವರ 2013ರ ಪುಸ್ತಕದಲ್ಲಿ ಪೂರ್ತಿಯಾಗಿ ಅಚ್ಚಾಯಿತು.

ಅದರಲ್ಲಿ ಇನ್ನೊಂದು ವಿಷಯವೂ ಇದೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಕಾಪಾಡಲು ಅಡ್ಡ ನಿಂತರಂತೆ, ಕೆಲವರು ಅದಕ್ಕಾಗಿ ಪ್ರಾಣವನ್ನೇ ಕೊಟ್ಟರಂತೆ. ಮಗಳಿಗೆ ಇದನ್ನು ಓದಿ ಹೇಳಿದಾಗ ಅವಳು ಸುಮಾರು ಹೊತ್ತು ಸುಮ್ಮನಿದ್ದು, "ನಾನಿದ್ದಿದ್ರೆ ಏನ್ ಮಾಡ್ತಿದ್ದೆ ಪಪ್ಪಾ?" ಅಂದಳು.

ಹಿಟ್ಲರನ ಪಾಠ ಓದಿದಾಗ 'ಆ ಜನ ಕೆಟ್ಟವರು' ಅಂದವಳು ಈಗ 'ನಾನಾಗಿದ್ದರೆ' ಅಂತ ಕೇಳುತ್ತಿದ್ದಾಳೆ. ಇಂಥ ಪಾಠದಿಂದ ಮಕ್ಕಳು ಕಲಿಯಬೇಕಾದ್ದು ಇದೇ ಅಂತ ನನಗನ್ನಿಸುತ್ತದೆ.

ಇದು ನರಮೇಧವೇ ಅಂತಲೂ ಅವಳು ಕೇಳಿದಳು. ಆ ಸಮಿತಿ ನಮ್ಮ ಕಡೆ ತಿರುಗುತ್ತಿದ್ದಾಗಲೇ, 1948ರ ಡಿಸೆಂಬರ್ 9ಕ್ಕೆ, ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆ ನರಮೇಧ ತಡೆಯುವ ಒಪ್ಪಂದ ಅಂಗೀಕರಿಸಿತು. ಒಂದು ಜನಾಂಗವನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶ ಇತ್ತು ಅಂತ ಸಾಬೀತಾದರೆ ಮಾತ್ರ ಕಾನೂನು ಆ ಹೆಸರು ಕೊಡುತ್ತದೆ. ನಮ್ಮೂರಿನದಕ್ಕೆ ನಾನು ಆ ಹೆಸರು ಕೊಡಲಾರೆ. ಹೆಸರು ಏನಾದರೂ ಇರಲಿ, ಬಳೆಗಾರರ ಹುಡುಗಿ ಮಾತ್ರ ತಿರುಗಿ ಬರಲಿಲ್ಲ.

ಇದನ್ನು ಹೇಳಿದರೆ ಕೆಲವರು ತಕ್ಷಣ "ಹಾಗಾದರೆ ಗೋರ್ಟಾ?" ಅನ್ನುತ್ತಾರೆ. ಗೋರ್ಟಾ ಅಂದರೆ ಇನ್ನು ಕೆಲವರು "ಆಮೇಲಿನದು?" ಅನ್ನುತ್ತಾರೆ. ಮೂವತ್ತು ವರ್ಷ ಜಮಾ-ಖರ್ಚು ಬರೆದವನಾಗಿ ಹೇಳುತ್ತೇನೆ, ಇದು ಆ ಲೆಕ್ಕ ಅಲ್ಲ. ಒಂದರಲ್ಲಿ ಇನ್ನೊಂದನ್ನು ಕಳೆಯಲು ಬರುವುದಿಲ್ಲ. ಎರಡನ್ನೂ ಪೂರ್ತಿ ಬರೆದಿಡಬೇಕು, ಅಷ್ಟೇ.

ಅವ್ವ ಈಗಿಲ್ಲ. ಊರ ಮನೆಯ ಸಾಮಾನು ಹಂಚಿಕೊಳ್ಳುವಾಗ ಹಂಡೆಯನ್ನು ತೂಕಕ್ಕೆ ಹಾಕೋಣ ಅಂದರು. ಮಗಳು ಬಿಡಲಿಲ್ಲ, ಪುಣೆಗೆ ತಂದಳು. ಈಗ ಗ್ಯಾಲರಿಯಲ್ಲಿದೆ. ಮನೆಗೆ ಬಂದವರು "ಎಷ್ಟು ಚೆನ್ನಾಗಿದೆ, ಅಜ್ಜನ ಕಾಲದ್ದಾ?" ಅಂತ ಕೇಳುತ್ತಾರೆ. "ಇದು ನಮ್ಮದಲ್ಲ, ಪಕ್ಕದ ಮನೆಯವರದು" ಅನ್ನುತ್ತಾಳೆ ಮಗಳು.

ಆ ದಿನಗಳನ್ನು ಕಂಡು ನೆನಪಿಟ್ಟವರಿಗೆ ಈಗ ಎಂಬತ್ತು ದಾಟಿದೆ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಒಮ್ಮೆ ಪಕ್ಕ ಕೂತು ಕೇಳಿ. ಮಕ್ಕಳನ್ನೂ ಕೂರಿಸಿಕೊಳ್ಳಿ.