ಮುರಿಯುವ ಬಾಬ್ತು

ರೇಸಿಂಗ್ ಡ್ರೋನ್ ಯಾವುದು ತಗೊಂಡರೆ ಒಳ್ಳೆಯದು ಎಂದು ತಿಳಿದವರನ್ನು ಕೇಳಿ ನೋಡಿ. ಉತ್ತರ ಬರುವುದಿಲ್ಲ, "ಬಜೆಟ್ ಎಷ್ಟು ಸಾರ್?" ಎಂಬ ಪ್ರಶ್ನೆ ಬರುತ್ತದೆ. ಹುಡುಗಿಯ ಫೋಟೋ ಚೀಲದಿಂದ ತೆಗೆಯುವ ಮೊದಲೇ ಹುಡುಗನ ಸಂಬಳ ವಿಚಾರಿಸುವ ಮದುವೆ ದಲ್ಲಾಳಿಯ ಹಾಗೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವನು ಇದನ್ನೇ ಕೇಳಿದ. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವರ ಮಗ, ತಾನೇ ನಾಲ್ಕು ಡ್ರೋನ್ ಕಟ್ಟಿದವನು, ಅವನೂ ಇದನ್ನೇ ಕೇಳಿದ. ನಾನು ಲೆಕ್ಕಪತ್ರ ವಿಭಾಗದಲ್ಲಿ ಕೂತು ತಲೆ ನರೆಸಿಕೊಂಡವನು. ಬಜೆಟ್ ಎಂದರೆ ಬರೀ ಒಂದು ಮೊತ್ತವಲ್ಲ ಸ್ವಾಮಿ, ಅದಕ್ಕೆ ಬಾಬ್ತುಗಳಿರುತ್ತವೆ. ಯಾವ ಬಾಬ್ತಿಗೆ ಎಷ್ಟು ಎಂದು ಹೇಳದೆ ಮೊತ್ತ ಕೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಡ್ರೋನ್ ಬೇಕಾಗಿದ್ದು ನನಗಲ್ಲ, ಅಕ್ಕನ ಮಗನಿಗೆ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅಜ್ಜಿ ಹಬ್ಬಕ್ಕೆ ಕೊಟ್ಟದ್ದು, ಸ್ಕಾಲರ್‌ಶಿಪ್ಪಿನಲ್ಲಿ ಉಳಿಸಿದ್ದು, ಪಕ್ಕದ ಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಗಳಿಸಿದ್ದು ಎಲ್ಲ ಸೇರಿಸಿ 30,000 ರೂಪಾಯಿ ಮಾಡಿಕೊಂಡಿದ್ದ. ಅಮ್ಮನ ಒಪ್ಪಿಗೆಗೆ ದುಬೈಯ ಕತೆ ಹಿಡಿದು ಹೋದ: 2016ರಲ್ಲಿ ಅಲ್ಲಿ ನಡೆದ ವರ್ಲ್ಡ್ ಡ್ರೋನ್ ಪ್ರೀ ಗೆದ್ದವನು ಲ್ಯೂಕ್ ಬ್ಯಾನಿಸ್ಟರ್ ಎಂಬ ಇಂಗ್ಲೆಂಡಿನ ಹುಡುಗ, ವಯಸ್ಸು ಹದಿನೈದು, ಬಹುಮಾನ ಎರಡೂವರೆ ಲಕ್ಷ ಡಾಲರ್. ಅಕ್ಕ ಹುಳಿಗೆ ಒಗ್ಗರಣೆ ಹಾಕುತ್ತಲೇ, "ಅವನು ಹದಿನೈದಕ್ಕೇ ಗೆದ್ದ. ನಿನಗೆ ಹತ್ತೊಂಬತ್ತು. ನಾಲ್ಕು ವರ್ಷ ಲೇಟು" ಅಂದಳಂತೆ. ಹಾಗಾಗಿ ಕೇಸು ನನ್ನ ಹತ್ತಿರ ಬಂತು. 2023ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದವರ ಸ್ವಿಫ್ಟ್ ಎಂಬ ಕಂಪ್ಯೂಟರ್ ಪೈಲಟ್ಟು ಮನುಷ್ಯ ಚಾಂಪಿಯನ್ನರನ್ನೇ ರೇಸಿನಲ್ಲಿ ಸೋಲಿಸಿದ ಸುದ್ದಿ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಅಕ್ಕನ ಕೈಗೆ ಇನ್ನೊಂದು ಅಸ್ತ್ರ ಯಾಕೆ ಕೊಡಬೇಕು?

ಮದುವೆ ಮನೆಯಲ್ಲಿ ಹಾರಾಡುವ ಡ್ರೋನೇ ಬೇರೆ, ಇದೇ ಬೇರೆ. ಅದರ ರಿಮೋಟಿನ ಕಡ್ಡಿ ಬಿಟ್ಟರೆ ಅದು ಇದ್ದಲ್ಲೇ ನಿಲ್ಲುತ್ತದೆ, ಜಿಪಿಎಸ್ ಹಿಡಿದುಕೊಂಡಿರುತ್ತದೆ. ರೇಸಿಂಗ್ ಡ್ರೋನ್ ಹಾಗಲ್ಲ. ಓರೆಯಾಗಿದ್ದಾಗ ಕಡ್ಡಿ ಬಿಟ್ಟರೆ ಓರೆಯಾಗಿಯೇ ಹೋಗುತ್ತಿರುತ್ತದೆ, ಎದುರಿಗೆ ತೆಂಗಿನ ಮರವಿದ್ದರೆ ತೆಂಗಿನ ಮರಕ್ಕೆ. ಅದನ್ನು ನೆಟ್ಟಗೆ ಮಾಡುವ ಕೆಲಸ ಹಾರಿಸುವವನದು. ಕಣ್ಣಿಗೆ ಗಾಗಲ್ಸ್ ಕಟ್ಟಿಕೊಂಡು, ಡ್ರೋನಿನ ಮೂತಿಯಲ್ಲಿರುವ ಕ್ಯಾಮೆರಾ ಕಂಡದ್ದನ್ನಷ್ಟೇ ನೋಡುತ್ತ, ಗಂಟೆಗೆ ನೂರು ಕಿಲೋಮೀಟರ್ ದಾಟಿದ ವೇಗದಲ್ಲಿ ಕಮಾನು ತೂರಬೇಕು. ಒಂದು ಬ್ಯಾಟರಿಗೆ ಮೂರು ನಿಮಿಷ ಸಿಕ್ಕರೆ ಹೆಚ್ಚು. ಆ ಮೂರು ನಿಮಿಷದಲ್ಲಿ ಎಲ್ಲಿಗೂ ಬಡಿಯದೆ ಬಂದರೆ ಅವನು ಕಲಿತವನು. ಹೊಸಬನು ಬಡಿಯುತ್ತಾನೆ. ಬಡಿಯಲೇಬೇಕು. ಅಂದಮೇಲೆ ಖರ್ಚಿನ ಪಟ್ಟಿಯಲ್ಲಿ ಮೊದಲು ಬರೆಯಬೇಕಾದದ್ದು ಮುರಿಯುವ ಬಾಬ್ತು. ಅದನ್ನು ಕೇಳುವ ಅಂಗಡಿಯವನು ನನಗೆ ಇನ್ನೂ ಸಿಕ್ಕಿಲ್ಲ.

ಕೊಳ್ಳುವುದೋ ಕಟ್ಟುವುದೋ ಎಂಬ ಚರ್ಚೆಯನ್ನು ನಮ್ಮ ದೇಶದಲ್ಲಿ ಸರ್ಕಾರವೇ ಅರ್ಧ ಮುಗಿಸಿಬಿಟ್ಟಿದೆ. 2022ರ ಫೆಬ್ರವರಿಯಲ್ಲಿ ಹೊರದೇಶದಿಂದ ಇಡೀ ಡ್ರೋನ್ ತರಿಸುವುದನ್ನು ನಿಲ್ಲಿಸಿದರು. ಸಂಶೋಧನೆ, ರಕ್ಷಣೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಬಿಡಿಭಾಗ ಬರಬಹುದು. ಮೋಟಾರು ಬರಬಹುದು, ಫ್ರೇಮು ಬರಬಹುದು, ಒಟ್ಟಿಗೆ ಕೂಡಿಕೊಂಡು ಹಾರುತ್ತಾ ಬರಕೂಡದು. ಸ್ವದೇಶಿ ಉದ್ಯಮ ಬೆಳೆಯಲಿ ಎಂಬ ಉದ್ದೇಶವಿರಬಹುದು. ಅದರ ಜೊತೆಗೆ ಬೆಳೆದದ್ದು ಹಾಸ್ಟೆಲ್ ರೂಮುಗಳಲ್ಲಿ ಬೆಸುಗೆ ಹಾಕುವ ಹುಡುಗರ ಸಂಖ್ಯೆ.

ನಾನು ಬಿಳಿ ಹಾಳೆಯ ಮಧ್ಯೆ ಗೆರೆ ಎಳೆದೆ. ಎಡಕ್ಕೆ ಉಳಿಯುವಂಥವು: ಕೈಯಲ್ಲಿ ಹಿಡಿಯುವ ರೇಡಿಯೋ, ಗಾಗಲ್ಸ್, ಚಾರ್ಜರ್. ಬಲಕ್ಕೆ ಸಾಯುವಂಥವು: ಫ್ರೇಮು, ಮೋಟಾರು, ಪ್ರಾಪು ಎನ್ನುವ ಪ್ರೊಪೆಲರು, ಬ್ಯಾಟರಿ. ಹೆಚ್ಚುಕಮ್ಮಿ ಅರ್ಧ ದುಡ್ಡು ಎಡಗಡೆಗೇ ಹೋಯಿತು. ಹುಡುಗನ ಮುಖ ಬಾಡಿತು. ಅವನು ಮೊದಲು ಡ್ರೋನ್ ತಗೊಂಡು ಉಳಿದ ದುಡ್ಡಿನಲ್ಲಿ ಮಿಕ್ಕಿದ್ದು ನೋಡೋಣ ಅಂದುಕೊಂಡಿದ್ದ. ನಾನು ಬಿಡಲಿಲ್ಲ. ಮೊದಲು ರೇಡಿಯೋ ಒಂದನ್ನೇ ತಗೋ, ಯುಎಸ್‌ಬಿ ವೈರಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸು, ಸಿಮ್ಯುಲೇಟರಿನಲ್ಲಿ ಹಾರಿಸು. ವೆಲೋಸಿಡ್ರೋನ್ ಆಗಲಿ ಲಿಫ್ಟಾಫ್ ಆಗಲಿ, ಅಲ್ಲಿ ಗೋಡೆಗೆ ಗುದ್ದಿದರೆ ಒಂದು ಬಟನ್ ಒತ್ತುವ ಖರ್ಚು. ಅಲ್ಲಿ ಬೇಜಾರಾಗಿ ಬಿಟ್ಟರೆ ಮಿಕ್ಕ ಹಣ ಬ್ಯಾಂಕಿನಲ್ಲೇ ಇರುತ್ತದೆ. ಇಷ್ಟು ಬುದ್ಧಿ ಹೇಳಿದ್ದಕ್ಕೆ, "ಮಾಮ, ನೀವು ಡ್ರೋನ್ ಕೊಡಿಸ್ತಿದ್ದೀರೋ ಆಡಿಟ್ ಮಾಡ್ತಿದ್ದೀರೋ?" ಅಂದ.

ಆಡಿಟ್ ಅಲ್ಲ. ಇದನ್ನು ನಾನು ಕಲಿತದ್ದು ಆಫೀಸಿನಲ್ಲೂ ಅಲ್ಲ, ತಿಪಟೂರಿನ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ.

ಅಂಗಡಿಯವರನ್ನು ಊರೆಲ್ಲ ರೇಡಿಯೋ ಸಾಬರು ಅನ್ನುತ್ತಿತ್ತು. ಮೂರು ಜನ ನಿಂತರೆ ನಾಲ್ಕನೆಯವನು ರಸ್ತೆಯಲ್ಲಿರಬೇಕು, ಅಷ್ಟು ಅಂಗಡಿ. ಗೋಡೆಯ ತುಂಬ ಬೆನ್ನು ಬಿಚ್ಚಿದ ರೇಡಿಯೋಗಳು, ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ಕೊಬ್ಬರಿ ಮಂಡಿಯವರ ಸೆಟ್ಟುಗಳಿಗೆ ಮೊದಲ ಸರದಿ, ಯಾಕೆಂದರೆ ಅವರಿಗೆ ಪೇಟೆ ಧಾರಣೆ ಕೇಳಬೇಕು. ಶಾಲೆ ಬಿಟ್ಟು ನಾನು ಅಲ್ಲಿ ನಿಲ್ಲುತ್ತಿದ್ದದ್ದು ರಾಳದ ಹೊಗೆಯ ವಾಸನೆಗೆ. ಸೀಸದ ತಂತಿಯ ತುದಿ ಐರನ್ನಿಗೆ ತಾಕಿದ ಕೂಡಲೇ ಒಂದು ಎಳೆ ಹೊಗೆ ಎದ್ದು, ಬೂದು ಬಣ್ಣದ ತಂತಿ ಕನ್ನಡಿ ಥರ ಹೊಳೆಯುವ ಹನಿಯಾಗಿ ಜಾರಿ ಕೂರುತ್ತಿತ್ತು. ಹೊಳೆದರೆ ಬೆಸುಗೆ ಕೂತಿದೆ. ಮಂಕಾಗಿ ಗಂಟುಗಂಟಾದರೆ "ಡ್ರೈ ಸಾಲ್ಡರ್" ಎಂದು ಸಾಬರು ನಾಲಿಗೆ ಲೊಚಗುಟ್ಟಿ ಮತ್ತೆ ಕರಗಿಸುತ್ತಿದ್ದರು. ಊರಿನ ಅರ್ಧ ರೇಡಿಯೋಗಳ ಕಾಯಿಲೆ ಅದೇ ಆಗಿತ್ತು. ತಲೆಗೆ ಎರಡು ಏಟು ಹಾಕಿದರೆ ಹಾಡುತ್ತದೆ, ಆಮೇಲೆ ಗೊರಗೊರ. ಡ್ರೈ ಸಾಲ್ಡರ್ ತೆಗೆದದ್ದಕ್ಕೆ ಸಾಬರು ದುಡ್ಡು ಮುಟ್ಟುತ್ತಿರಲಿಲ್ಲ. "ಹೋಗಿ, ಒಂದ್ ಚಾ ಹೇಳಿ ಹೋಗಿ" ಅನ್ನುತ್ತಿದ್ದರು.

ಅವರು ರಿಪೇರಿಯಷ್ಟೇ ಮಾಡುತ್ತಿರಲಿಲ್ಲ. ಫಿಲಿಪ್ಸು ಮರ್ಫಿ ಕೊಳ್ಳಲಾಗದವರಿಗೆ ಸೆಟ್ಟು ಕಟ್ಟಿಯೂ ಕೊಡುತ್ತಿದ್ದರು. ಅಸೆಂಬಲ್ಡ್ ಸೆಟ್ಟು. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರೋಡಿನಿಂದ, ಪೆಟ್ಟಿಗೆ ಅಲ್ಲೇ ಪಕ್ಕದ ಬಡಗಿಯದು, ಮುಂದಿನ ಬಟ್ಟೆ ಸಾಬರ ಬೀಬಿಯವರ ಹಳೆಯ ಪರದೆಯದು. ನೋಡಲು ಒಂದಕ್ಕೊಂದು ಹೋಲುತ್ತಿರಲಿಲ್ಲ. ಅಂಥ ಸೆಟ್ಟಿಗೂ ವರ್ಷಕ್ಕೊಮ್ಮೆ ಪೋಸ್ಟಾಫೀಸಿನಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಿತ್ತು. ಎಂಬತ್ತರ ದಶಕದ ನಡುವೆ ಅದನ್ನು ತೆಗೆಯುವವರೆಗೂ ರೇಡಿಯೋ ಕೇಳುವುದಕ್ಕೂ ಸರ್ಕಾರದ ಅಪ್ಪಣೆ ಬೇಕಾಗಿದ್ದ ದೇಶ ನಮ್ಮದು. ನಮ್ಮ ಮನೆಯಲ್ಲಿದ್ದದ್ದೂ ಸಾಬರ ಸೆಟ್ಟೇ. ಎಷ್ಟು ಸಲ ಕೆಟ್ಟಿತೋ ಲೆಕ್ಕವಿಲ್ಲ. ಪ್ರತಿ ಸಲವೂ ಸಂಜೆಯೊಳಗೆ ಹಾಡುತ್ತಾ ವಾಪಸು ಬರುತ್ತಿತ್ತು, ಯಾಕೆಂದರೆ ಅದರ ಹೊಟ್ಟೆಯಲ್ಲಿ ಯಾವ ವೈರು ಎಲ್ಲಿಗೆ ಹೋಗುತ್ತದೆ ಎಂದು ಕಟ್ಟಿದವರಿಗೆ ಗೊತ್ತಿತ್ತು. ಎದುರು ಮನೆಯ ಶಾನುಭೋಗರ ದೊಡ್ಡ ಕಂಪನಿಯ ಸೆಟ್ಟು ಕೆಟ್ಟಾಗ ಬೆಂಗಳೂರಿಗೆ ಹೋಗಿ ಬರಲು ತಿಂಗಳು ಹಿಡಿಯುತ್ತಿತ್ತು. ಆ ತಿಂಗಳು ಶಾನುಭೋಗರು ನಮ್ಮ ಜಗಲಿಯಲ್ಲಿ ಕೂತು ವಾರ್ತೆ ಕೇಳುತ್ತಿದ್ದರು, ಅದೂ ಸೆಟ್ಟಿನ ಪೆಟ್ಟಿಗೆಯನ್ನು ಹಂಗಿಸುತ್ತಾ.

ಸಾಬರ ಮೇಜಿನ ಮೇಲೆ ಒಂದು ಹಲಗೆ ಇತ್ತು. ಅದರಲ್ಲಿ ಒಂದು ಪ್ಲಗ್ ಪಾಯಿಂಟು, ಅದರ ದಾರಿಯಲ್ಲೇ ಅಡ್ಡಲಾಗಿ ನೂರು ಕ್ಯಾಂಡಲ್ಲಿನ ಒಂದು ಬಲ್ಬು. ಸೀರೀಸ್ ಬೋರ್ಡು. ರಿಪೇರಿಯಾದ ಸೆಟ್ಟನ್ನು ನೇರವಾಗಿ ಕರೆಂಟಿಗೆ ಸಿಕ್ಕಿಸುತ್ತಿರಲಿಲ್ಲ, ಮೊದಲು ಆ ಬಲ್ಬಿನ ಮೂಲಕ. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಸೆಟ್ಟು ಸರಿ. ಬಲ್ಬು ಪೂರ್ತಿ ಉರಿದರೆ ಒಳಗೆ ಎಲ್ಲೋ ಶಾರ್ಟ್ ಆಗಿದೆ, ಕರೆಂಟನ್ನೆಲ್ಲ ಬಲ್ಬೇ ನುಂಗಿ ಸೆಟ್ಟನ್ನು ಉಳಿಸಿದೆ. ಎಷ್ಟೋ ರೇಡಿಯೋಗಳ ಪ್ರಾಣ ಕಾಪಾಡಿದ ಆ ಬಲ್ಬಿನ ಬುರುಡೆ ಮಾತ್ರ ಹೊಗೆ ಹಿಡಿದು ಕಂದಾಗಿತ್ತು.

ಹುಡುಗ ಮೊನ್ನೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಡ್ರೋನ್ ಕಟ್ಟುತ್ತಿದ್ದಾಗ, ಹಳದಿ ಪ್ಲಗ್ಗಿನ ಎರಡು ವೈರಿನಲ್ಲಿ ಒಂದನ್ನು ಕತ್ತರಿಸಿ ಆ ನಡುವೆ ಕಾರಿನ ಬ್ರೇಕ್ ಲೈಟಿನ ಬಲ್ಬೊಂದನ್ನು ಬೆಸೆದುಕೊಂಡು ಕೂತಿದ್ದ. 12 ವೋಲ್ಟು, 21 ವಾಟು. ಇದೇನೋ ಅಂದೆ. "ಸ್ಮೋಕ್ ಸ್ಟಾಪರ್ ಮಾಮ. ಫಸ್ಟ್ ಟೈಮ್ ಬ್ಯಾಟರಿ ಹಾಕುವಾಗ ಇದರ ಮೂಲಕ ಹಾಕಬೇಕು. ಬಲ್ಬು ಪೂರ್ತಿ ಉರಿದರೆ ಎಲ್ಲೋ ಶಾರ್ಟು" ಅಂದ. ಹೊಸ ವಿದ್ಯೆ ಕಲಿಸುವ ಗತ್ತಿನಲ್ಲಿ ಅಂದ. ರೆಡಿಮೇಡ್ ಇನ್ನೂ ಚೆನ್ನಾಗಿರುವುದು ಸಿಗುತ್ತದೆ, ಆದರೆ ಬಜೆಟ್ಟಿನಲ್ಲಿ ಜಾಗವಿಲ್ಲವಂತೆ. ಸಾಬರ ವಿಷಯ ಹೇಳೋಣವೆಂದರೆ ಅವನ ಕೈಯಲ್ಲಿ ಐರನ್ ಕಾದಿತ್ತು.

ಅವನು ತಂದಿದ್ದದ್ದು 25 ವಾಟಿನ ಐರನ್. ಗೌರವದ ವಸ್ತು, ರೇಡಿಯೋಗೆ ಧಾರಾಳವಾಗಿ ಸಾಕು. ಬ್ಯಾಟರಿಯ ದಪ್ಪ ವೈರಿಗೆ ಸಾಲದು; ಶಾಖವನ್ನೆಲ್ಲ ವೈರೇ ಹೀರಿಕೊಂಡು ಬೆಸುಗೆ ಮಂಕಾಗಿ ಕೂರುತ್ತದೆ, ಆಕಾಶದಲ್ಲಿ ಬಿಡುತ್ತದೆ. 60 ವಾಟಾದರೂ ಬೇಕು. ಅದನ್ನು ನಾನೇ ಕೊಡಿಸಿದೆ. ಈ ಖರ್ಚು ಅವನ 30,000ದ ಒಳಗೆ ಬರುತ್ತದೋ ಹೊರಗೆ ಬರುತ್ತದೋ ಎಂಬ ಪ್ರಶ್ನೆಯನ್ನು ಇಬ್ಬರೂ ಎತ್ತಲಿಲ್ಲ.

ಈ ಆಟ ಹುಟ್ಟಿದ್ದೇ ಸಾಬರಂಥವರ ಮೇಜಿನ ಮೇಲೆ. ನಿಂಟೆಂಡೋದವರ ವೀ ಎಂಬ ವಿಡಿಯೋ ಗೇಮಿನ ಹಿಡಿಕೆಗೆ ಸಿಕ್ಕಿಸುವ ಮೋಷನ್ ಪ್ಲಸ್ ಎಂಬ ತುಂಡು 2009ರಲ್ಲಿ ಬಂತು. ಕೈ ತಿರುಗಿದ್ದನ್ನು ಅಳೆಯುವ ಗೈರೋ ಅದರೊಳಗಿತ್ತು, ಅಗ್ಗವಾಗಿಯೂ ಇತ್ತು. ಹವ್ಯಾಸಿಗಳು ಅದನ್ನು ಬಿಚ್ಚಿ, ಗೈರೋ ಕಿತ್ತು, ಆರ್ಡುಯಿನೋ ಬೋರ್ಡಿಗೆ ಕಟ್ಟಿ ನಾಲ್ಕು ಮೋಟಾರಿನ ಯಂತ್ರ ಹಾರಿಸಿದರು. ಆ ಸಾಫ್ಟ್‌ವೇರಿಗೆ ಮಲ್ಟಿವೀ ಎಂದೇ ಹೆಸರು. ಅದು ಕವಲೊಡೆದು ಬೇಸ್‌ಫ್ಲೈಟ್, ಕ್ಲೀನ್‌ಫ್ಲೈಟ್ ಆಗಿ, ಈಗ ಎಲ್ಲರೂ ಹಾಕಿಕೊಳ್ಳುವ ಬೀಟಾಫ್ಲೈಟ್ ಆಗಿದೆ. ಕಾಸಿಲ್ಲದೆ ಸಿಗುತ್ತದೆ. ಖರ್ಚಿನ ಹಾಳೆಯಲ್ಲಿ ಸೊನ್ನೆ ಬರೆದ ಒಂದೇ ಸಾಲು ಅದು.

ಉಳಿದ ಸಾಲುಗಳ ಬಗ್ಗೆ ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಫ್ರೇಮು ತಗೊಳ್ಳುವಾಗ ಕಾಲುಗಳು ಬಿಡಿಯಾಗಿ ಸಿಗುವುದನ್ನೇ ತಗೊಳ್ಳಬೇಕು. ಒಂದು ಕಾಲು ಮುರಿದರೆ ಇಡೀ ಫ್ರೇಮು ಎಸೆಯುವಂತಿರಬಾರದು. ಮೋಟಾರು ನಾಲ್ಕಲ್ಲ, ಐದು. ಪ್ರಾಪು ನಾಲ್ಕು ಕೊಳ್ಳುವವನು ಹಾರಿಸುವವನಲ್ಲ, ಷೋಕೇಸಿನಲ್ಲಿ ಇಡುವವನು. ಮೋಟಾರುಗಳ ವೇಗ ನಿಯಂತ್ರಿಸುವ ಇಎಸ್‌ಸಿ ಈಗ ನಾಲ್ಕಕ್ಕೂ ಸೇರಿ ಒಂದೇ ಬೋರ್ಡಿನಲ್ಲಿ ಬರುವುದೇ ಹೆಚ್ಚು. ಒಂದು ಮೂಲೆ ಸುಟ್ಟರೆ ಸಾಮಾನ್ಯವಾಗಿ ನಾಲ್ಕೂ ಹೋದಂತೆ. ಲೆಕ್ಕದವನಾಗಿ ನನಗೆ ಇದು ಒಪ್ಪಿಗೆಯಿಲ್ಲ. ಮೋಟಾರು ಉಲ್ಟಾ ತಿರುಗಿದರೆ ಗಾಬರಿ ಬೇಡ, ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ನೆಟ್ಟಗಾಗುತ್ತದೆ. ಅಷ್ಟು ಸುಲಭವಾಗಿ ನೆಟ್ಟಗಾಗುವುದು ಬೇರೇನನ್ನೂ ನಾನು ಕಂಡಿಲ್ಲ.

ಎಲ್ಲಿ ಹಾರಿಸುವುದು? ಬೆಂಗಳೂರಿನ ಸುತ್ತ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ನಾಲ್ಕು ಏರ್‌ಫೀಲ್ಡುಗಳಿವೆ. ಎದ್ದರೆ ಒಂದಲ್ಲ ಒಂದು ವಿಮಾನ ನಿಲ್ದಾಣದ ಸರಹದ್ದು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ, ಹಾರಿಸಬಹುದಾದ ಜಾಗಕ್ಕೆ ಹಚ್ಚಿದ ಹಸಿರು ಬಣ್ಣ ಹುಡುಕಿಕೊಂಡೇ ಹೋಗಬೇಕು. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಮಿನವರೆಗಿನದು ನ್ಯಾನೋ, ಅಲ್ಲಿಂದ ಎರಡು ಕಿಲೋವರೆಗೆ ಮೈಕ್ರೋ. ಐದಿಂಚು ಪ್ರಾಪಿನ ರೇಸರ್ ಬ್ಯಾಟರಿ ಸೇರಿ ಅರ್ಧ ಕಿಲೋ ದಾಟುತ್ತದೆ, ಮೈಕ್ರೋ ಆಗುತ್ತದೆ. ದುಡಿಮೆಗಲ್ಲದಿದ್ದರೆ ಅದಕ್ಕೂ ಪೈಲಟ್ ಸರ್ಟಿಫಿಕೇಟ್ ಬೇಡ. ಯಾವುದಕ್ಕೂ ಇರಲಿ ಎಂದು ಹುಡುಗ ಜೊತೆಗೆ ವೂಪ್ ಎಂಬ ಅಂಗೈಯಗಲದ ಡ್ರೋನ್ ಒಂದನ್ನೂ ತಂದಿದ್ದಾನೆ, ಬ್ಯಾಟರಿ ಸೇರಿ ಮೂವತ್ತು ಗ್ರಾಮಿನ ಆಸುಪಾಸು. ಅದು ಮನೆಯೊಳಗೇ ಹಾರುತ್ತದೆ. ಬೀರುವಿನ ಮೇಲೆ ಬೀಳುತ್ತದೆ, ಸೋಫಾದಡಿ ನುಗ್ಗುತ್ತದೆ, ಏನೂ ಮುರಿಯುವುದಿಲ್ಲ. ಬೇಸಿಗೆಯಲ್ಲಿ ಅದಕ್ಕಾಗಿ ಅಕ್ಕನ ಮನೆಯ ಫ್ಯಾನು ಆಫ್ ಆಗಿರುತ್ತದೆ. ಅಕ್ಕ ಬೀಸಣಿಗೆ ಹಿಡಿದು ನನಗೆ ಫೋನ್ ಮಾಡುತ್ತಾಳೆ: "ಏನೋ, ನೀನು ಕೊಡಿಸಿದ್ದಂತೆ!"

ಬ್ಯಾಟರಿಯನ್ನು ಒಂದೊಂದು ಸೆಲ್ಲಿಗೆ 4.2 ವೋಲ್ಟಿಗಿಂತ ಮೇಲೆ ತುಂಬಬಾರದು, ಸುಮ್ಮನೆ ಇಡುವಾಗ 3.8ಕ್ಕೆ ಇಳಿಸಿಡಬೇಕು, ಉಬ್ಬಿದ್ದನ್ನು ಮುಟ್ಟಬಾರದು, ಚಾರ್ಜಿಗೆ ಹಾಕಿ ಮಲಗಬಾರದು. ಇದನ್ನೆಲ್ಲ ಅಕ್ಕನಿಗೆ ಹೇಳಿಲ್ಲ. ಅವಳು ತಾನಾಗಿಯೇ ಅದನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಕ್ಕೆ ಓಡಿಸಿದ್ದಾಳೆ. ಅದಕ್ಕಿಂತ ಸುರಕ್ಷಿತ ಜಾಗ ಆ ಮನೆಯಲ್ಲಿ ಇಲ್ಲ.

ಇನ್ನು ಕ್ಯಾಮೆರಾ ಅನಲಾಗ್ ಇರಬೇಕೋ ಡಿಜಿಟಲ್ ಇರಬೇಕೋ ಎಂಬ ಜಗಳ ಬಾಕಿಯಿದೆ. ಡಿಜಿಟಲ್ಲಿನಲ್ಲಿ ಚಿತ್ರ ಸಿನಿಮಾ ಥರ, ಬೆಲೆಯೂ ಹಾಗೇ. ಅನಲಾಗಿನಲ್ಲಿ ಹಳೆಯ ದೂರದರ್ಶನದ ಮಳೆ ಸುರಿಯುತ್ತಿರುತ್ತದೆ, ಆದರೆ ಚಿತ್ರ ತಡವಾಗುವುದಿಲ್ಲ, ಮುರಿದರೆ ಹೊಟ್ಟೆಯೂ ಉರಿಯುವುದಿಲ್ಲ. ಎರಡೂ ಕಡೆಯವರು ಕೈ ಕೈ ಮಿಲಾಯಿಸುವಷ್ಟು ವಾದಿಸುತ್ತಾರೆ. ತಿಳಿಯದ ನಾನು ಆ ಜಗಳಕ್ಕೆ ಇಳಿಯುವುದಿಲ್ಲ. ಅನಲಾಗ್ ತಗೊಳ್ಳಿ.