ಸಿಂಹಪುರದ ಆತಿಥ್ಯ

ಅತಿಥಿ ಎಂಬ ಶಬ್ದಕ್ಕೆ ತಿಥಿಯನ್ನು ನಿಶ್ಚಯಿಸದೆ ಬರತಕ್ಕವನೆಂದು ಅರ್ಥ ಹೇಳುವುದು ವಾಡಿಕೆ. ಮನುವು ಹೇಳುವ ಲಕ್ಷಣ ಬೇರೆ: ಒಂದು ರಾತ್ರಿ ಮಾತ್ರ ತಂಗುವವನು ಅತಿಥಿ, ಅವನ ಇರವು ನಿತ್ಯವಲ್ಲವಾದ ಕಾರಣ ಆ ಹೆಸರು. ಈ ಎರಡರಲ್ಲಿ ಯಾವ ಕೋಲಿನಿಂದ ಅಳೆದರೂ, 2025ರ ಮಾರ್ಚ್ ತಿಂಗಳಲ್ಲಿ ಸಿಂಗಪುರದಲ್ಲಿ ಅಕ್ಕನ ಮಗಳ ಮನೆಯಲ್ಲಿ ಇಳಿದುಕೊಂಡಿದ್ದ ನಾವೂ ನಮ್ಮ ಮನೆಯವರೂ ಅತಿಥಿಗಳೆನಿಸಿಕೊಳ್ಳಲು ಅರ್ಹರಲ್ಲ. ಹೋಗುವ ದಿನ, ಹಿಂದಿರುಗುವ ದಿನ, ವಿಮಾನವೇರುವ ಗಳಿಗೆ ಎಲ್ಲವೂ ಮೂರು ತಿಂಗಳು ಮೊದಲೇ ಗೊತ್ತಾಗಿದ್ದುವು. ತಂಗಿದ್ದಾದರೋ ಇಪ್ಪತ್ತೆರಡು ರಾತ್ರಿ. ಆ ರಾತ್ರಿಗಳ ವಿಷಯವನ್ನೇ ಇಲ್ಲಿ ಬರೆಯಬೇಕೆಂದಿರುವೆವು. ಆ ಊರಿನ ಹಗಲನ್ನು ಬಣ್ಣಿಸಿದವರು ಬೇಕಾದಷ್ಟು ಮಂದಿ ಇದ್ದಾರೆ.

ನಮ್ಮದು ಮಧುಗಿರಿ ತಾಲ್ಲೂಕಿನ ಮಿಡಿಗೇಶಿ. ಹಿಮ್ಮಡಿಯನ್ನು ಮುಟ್ಟುವಷ್ಟು ನೀಳವಾದ ಕೇಶವಿದ್ದ ರಾಣಿಯೊಬ್ಬಳಿಂದ ಊರಿಗೆ ಈ ಹೆಸರು ಬಂತೆಂದು ಹಿರಿಯರು ಹೇಳುವರು. ಮೇಲೆ ಕೋಟೆಯ ಬೆಟ್ಟ. ಕೆಳಗೆ ರಾಗಿ, ಕಡಲೆಕಾಯಿ, ಹುಣಸೆ. ಮಳೆಯನ್ನು ಮಾತ್ರ ನಂಬುವಂತಿಲ್ಲ. ಇಂಥ ಸೀಮೆಯಲ್ಲಿ ಬಂದವರಿಗೆ ಮೊದಲು ಕೊಡತಕ್ಕದ್ದು ಒಂದು ಚೊಂಬು ನೀರು. ಅನಂತರ "ಊಟವಾಯಿತೆ?" ಎಂದು ಕೇಳುವ ಪದ್ಧತಿಯಿಲ್ಲ, "ಏಳಿ, ಕೈಕಾಲು ತೊಳೆಯಿರಿ" ಎಂದೇ ಹೇಳುವುದು. ಉಂಡವರು ತಮ್ಮ ಎಲೆಯನ್ನು ತಾವೇ ಎತ್ತಲು ಹೊರಟರೆ ಮನೆಯೊಡತಿಗೆ ಅದು ಅವಮಾನವಿದ್ದಂತೆ.

ಭಾವನವರು ತೀರಿಕೊಂಡ ಮೇಲೆ ನಮ್ಮ ಅಕ್ಕ ಇದ್ದೊಬ್ಬ ಮಗಳ ಮನೆಯನ್ನು ಸೇರಿ ಒಂಬತ್ತು ವರ್ಷವಾಗಿತ್ತು. ಮಗಳೂ ಅಳಿಯನೂ ಬೆಳಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವರು, ಮೊಮ್ಮಗನು ಶಾಲೆಯವನು. ಹನ್ನೊಂದನೆಯ ಅಂತಸ್ತಿನಲ್ಲಿ, ಮಾತು ತಿಳಿಯದ ಊರಿನಲ್ಲಿ, ಎಪ್ಪತ್ತು ಸಮೀಪಿಸಿದ ಹೆಂಗಸು ದಿನವೆಲ್ಲ ಒಬ್ಬಳೇ ಇರುವಳೆಂಬುದು ನಮಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಊರಿನ ನಮ್ಮ ಮನೆಯ ಪಡಸಾಲೆಯ ಪಕ್ಕದ ಕೋಣೆಗೆ ಸುಣ್ಣ ಬಳಿಸಿ, ಅಕ್ಕನನ್ನು ಕರೆತರಬೇಕೆಂಬ ಸಂಕಲ್ಪದಿಂದಲೇ ವಿಮಾನವೇರಿದೆವು. ತಿರುಗಾಟವು ನೆಪ.

ಆದರೆ ನೆಪವೂ ರುಚಿಯಾಗಿಯೇ ಇತ್ತೆಂದು ಹೇಳಬೇಕು. ಸಿಂಗಪುರವು ಭೂಮಧ್ಯರೇಖೆಗೆ ತೀರ ಸಮೀಪದಲ್ಲಿರುವುದರಿಂದ ಅಲ್ಲಿ ವರ್ಷವೆಲ್ಲ ಹಗಲೂ ರಾತ್ರಿಯೂ ಹೆಚ್ಚು ಕಡಿಮೆ ಸಮ. ಸೂರ್ಯನು ಏಳು ಗಂಟೆಯ ಸುಮಾರಿಗೆ ಹುಟ್ಟಿ ಏಳರ ಸುಮಾರಿಗೇ ಮುಳುಗುವನು. ಹಗಲಿನ ಸೆಕೆ ಇಳಿದ ಮೇಲೆ ಊರಿಗೆ ಊರೇ ಉಣ್ಣಲು ಹೊರಡುವುದು. ಹಿಂದೆ ಬೀದಿಯಲ್ಲಿ ಗಾಡಿಗಳನ್ನಿಟ್ಟುಕೊಂಡು ಅಡಿಗೆ ಮಾಡಿ ಮಾರುತ್ತಿದ್ದವರನ್ನು ಅಲ್ಲಿನ ಸರ್ಕಾರವು 1971ರಿಂದ 1986ರವರೆಗೆ ನೀರು, ಚರಂಡಿ, ಚಾವಣಿಗಳುಳ್ಳ ಕಟ್ಟಡಗಳಿಗೆ ಸೇರಿಸಿತು. ಅಂಥ ಭೋಜನಶಾಲೆಗಳು ಈಗ ನೂರಕ್ಕೂ ಮೇಲ್ಪಟ್ಟು ಇವೆ. 2020ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಚೀನೀಯರ, ಮಲಯರ, ತಮಿಳರ ಒಲೆಗಳು ಒಂದೇ ಚಾವಣಿಯ ಕೆಳಗೆ ಉರಿಯುವುದನ್ನು ಅಲ್ಲಿ ನೋಡಬೇಕು. ಸಣ್ಣದೊಂದು ಕಾಗದದ ಕರವಸ್ತ್ರದ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೋದರೆ ಆ ಸ್ಥಳ ಅವರದೆಂದು ಲೆಕ್ಕ, ಯಾರೂ ಮುಟ್ಟರು. ನಮ್ಮ ಬಸ್ಸುಗಳಲ್ಲಿ ಕಿಟಕಿಯಿಂದ ಟವಲು ಹಾಕುವವರು ಕಲಿಯಬೇಕಾದದ್ದು ಬಹಳವಿದೆ!

ಅಲ್ಲಿನ ಕಾಫಿಗೆ ಕೋಪಿ ಎಂದು ಹೆಸರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹುಡುಗರಿಗೆ ಪ್ರತ್ಯಯಗಳನ್ನು ಪಾಠ ಹೇಳಿದ ನಮಗೆ ಅದರ ವ್ಯಾಕರಣವು ಬಹು ಹಿತವಾಯಿತು. ಬರಿಯ ಪ್ರಕೃತಿಯನ್ನು ಉಚ್ಚರಿಸಿದರೆ ಸಿಹಿಯಾದ ಡಬ್ಬಿಯ ಗಟ್ಟಿಹಾಲು ಸೇರಿದ್ದು ಬರುವುದು. ಅದಕ್ಕೆ 'ಓ' ಹತ್ತಿದರೆ ಹಾಲು ಲೋಪವಾಗಿ ಸಕ್ಕರೆ ಉಳಿಯುವುದು. 'ಕೊಸೋಂಗ್' ಎಂದೂ ಸೇರಿಸಿದರೆ ಸಕ್ಕರೆಗೂ ಲೋಪ. ಒಂದು ರಾತ್ರಿ ಬಾಯಿ ತಪ್ಪದೆ "ಕೋಪಿ ಓ ಕೊಸೋಂಗ್" ಎಂದು ನಾವೇ ಹೇಳಿದಾಗ ಅಂಗಡಿಯ ಚೀನೀ ವೃದ್ಧನು ತಲೆದೂಗಿ ನಕ್ಕನು. ಶಿಷ್ಯನ ಮೊದಲ ಸಂಧಿ ಸರಿಯಾದಾಗ ನಾವು ನಗುತ್ತಿದ್ದುದೂ ಹಾಗೆಯೇ.

ಶಾಕಾಹಾರಿಗಳಿಗೆ ಎಲ್ಲ ಅಂಗಡಿಯೂ ಸಲ್ಲದು. ಲಾವ್ ಪಾ ಸಾತ್ ಎಂಬ ಎರಕದ ಕಬ್ಬಿಣದ ಹಳೆಯ ಮಾರುಕಟ್ಟೆಯ ಮಗ್ಗುಲಿನ ಬೀದಿಯಲ್ಲಿ ಸಂಜೆಯಾಗುತ್ತಲೇ ವಾಹನಗಳನ್ನು ತಡೆದು ಮಾಂಸ ಸುಡುವ ಒಲೆಗಳನ್ನು ಹೂಡುವರು. ಆ ಹೊಗೆಯನ್ನು ನಾವು ಬೇಗಬೇಗನೆ ದಾಟಿದೆವು. ನದಿಯ ದಂಡೆಯ ಪಾನಗೃಹಗಳ ಸಾಲನ್ನು ಸೇತುವೆಯ ಮೇಲೆ ನಿಂತು ನೋಡಿದ್ದೇ ಸಾಕಾಯಿತು. ರಾತ್ರಿ ಹತ್ತೂವರೆಯ ಮೇಲೆ ಸಾರ್ವಜನಿಕ ಸ್ಥಳದಲ್ಲಿ ಮದ್ಯ ಕುಡಿಯಕೂಡದೆಂದು 2015ರಿಂದ ಅಲ್ಲಿ ಕಾನೂನು ಇರುವುದರಿಂದ ಬೀದಿಯಲ್ಲಿ ಗಲಭೆಯಿಲ್ಲ. ಮಧ್ಯರಾತ್ರಿಯಲ್ಲಿ ಹೆಣ್ಣುಮಕ್ಕಳು ಒಬ್ಬೊಬ್ಬರೇ ಮನೆಗೆ ನಡೆದುಹೋಗುವರು. ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಗೆಯ್ಲಾಂಗ್ ಸೆರಾಯ್ ಎಂಬಲ್ಲಿ ರಂಜಾನ್ ತಿಂಗಳಿನಲ್ಲಿ ನಡೆಯುವ ರಾತ್ರಿಯ ಸಂತೆ. ದೀಪಗಳ ತೋರಣದ ಕೆಳಗೆ ಹಗಲೆಲ್ಲ ಉಪವಾಸವಿದ್ದ ಸಾವಿರಾರು ಜನ. ಅಜ್ಜಿಯರು, ಕೈಗೂಸುಗಳು, ಸಿಹಿತಿಂಡಿಯ ರಾಶಿ.

ಉಪವಾಸಕ್ಕೆ ಮಲಯ ಭಾಷೆಯಲ್ಲಿ 'ಪುಆಸಾ' ಎನ್ನುವರು; ನಮ್ಮ ಶಬ್ದವೇ ಸವೆದು ಹಾಗಾದದ್ದು. ರುಚಿಗೆ ಅವರೂ ರಸವೆನ್ನುವರು, ಜೇನಿಗೆ ಮಧುವೆನ್ನುವರು. ಕುಟುಂಬಕ್ಕೆ ಅವರು ಹೇಳುವ 'ಕೆಲುಆರ್ಗಾ' ಎಂಬುದು ಕುಲವರ್ಗ. ಉಪವಾಸವೆಂದರೆ ಸಮೀಪದಲ್ಲಿ ವಾಸಮಾಡುವುದು. ಮರುದಿನ ಯಜ್ಞವೆಂದು ತಿಳಿದ ದೇವತೆಗಳು ಹಿಂದಿನ ರಾತ್ರಿಯೇ ಯಜಮಾನನ ಮನೆಗೆ ಬಂದು ತಂಗುವರೆಂದೂ, ಮನುಷ್ಯರಾದ ಅತಿಥಿಗಳಿಗಿಂತ ಮೊದಲು ಉಣ್ಣುವುದೇ ಅನುಚಿತವಾಗಿರುವಾಗ ದೇವತೆಗಳಿಗಿಂತ ಮೊದಲು ಉಣ್ಣುವುದೆಂತೆಂದೂ ಶತಪಥಬ್ರಾಹ್ಮಣವು ಹೇಳುವುದು. ಅಂದರೆ ಉಪವಾಸದ ಬೇರು ಇರುವುದು ಆತಿಥ್ಯದಲ್ಲಿ. ಎಂದೋ ಓದಿದ್ದ ಈ ಮಾತು ಆ ಸಂತೆಯಲ್ಲಿ ನಮಗೆ ನೆನಪಾಯಿತು.

ಹೀಗೆ ಹತ್ತು ಹನ್ನೆರಡು ರಾತ್ರಿ ಕಳೆಯಿತು. ಅಳಿಯನು ಎಂಟು ಗಂಟೆಗೆ ಬಂದವನು ಬಟ್ಟೆ ಬದಲಾಯಿಸಿ, "ಹೊರಡೋಣವೇ ಮಾವ?" ಎನ್ನುವನು, ಮನೆಗೆ ಹಿಂದಿರುಗುವಾಗ ಹನ್ನೊಂದು, ಅವನು ಏಳುವುದು ಮತ್ತೆ ಆರಕ್ಕೆ. ರೈಲಿನಲ್ಲಿ ನಿಂತುಕೊಂಡೇ ತೂಗಡಿಸುತ್ತಿದ್ದ ಅವನನ್ನು ನೋಡಿ ನಮಗೆ ಅನ್ನವು ಗಂಟಲಿನಲ್ಲಿಳಿಯದಂತಾಯಿತು. ಇನ್ನು ತಿರುಗಾಟ ಸಾಕೆಂದು ಅಕ್ಕನ ಬಳಿ ಹೇಳಿದೆವು.

"ಬೇಡ ಅನ್ನಬೇಡ ಕಣೋ," ಎಂದಳು ಅಕ್ಕ. "ನೀವು ಬಂದ ಮೇಲೆ ತಾನೆ ಇವರೆಲ್ಲ ಒಟ್ಟಿಗೆ ಕೂತು ಉಂಡದ್ದು? ಇಲ್ಲದಿದ್ದರೆ ಒಬ್ಬೊಬ್ಬರದು ಒಂದೊಂದು ಹೊತ್ತು. ಮಗು ಅವರಪ್ಪನ ಹತ್ತಿರ ಇಷ್ಟು ಮಾತಾಡಿದ್ದನ್ನು ನಾನು ನೋಡೇ ಇರಲಿಲ್ಲ."

ಉಣ್ಣಿಸುವವರಿಗೆ ಉಣ್ಣುವವರಿಂದ ಹೀಗೂ ಲಾಭವುಂಟೆಂದು ನಮಗೆ ತೋಚಿರಲಿಲ್ಲ. ತಿರುಗಾಟ ಮುಂದುವರಿಯಿತು.

ಆ ವರ್ಷ ವಿಶ್ವಾವಸು ಸಂವತ್ಸರದ ಯುಗಾದಿಯು ಮಾರ್ಚ್ 30ರ ಭಾನುವಾರ ಬಂದಿತು. ಅಲ್ಲಿನ ಮುಸಲ್ಮಾನರ ಹಬ್ಬವಾದ ಹರಿ ರಾಯಾ ಮರುದಿನ ಸೋಮವಾರ. ಇಬ್ಬರೂ ನೋಡುವುದು ಒಂದೇ ಅಮಾವಾಸ್ಯೆಯ ಮೇಲಣ ಚಂದ್ರನನ್ನು. ಆದರೆ ಅವರಿಗೆ ಅಧಿಕಮಾಸವಿಲ್ಲದ ಕಾರಣ ಅವರ ಹಬ್ಬವು ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿಯುತ್ತ ಋತುಗಳನ್ನೆಲ್ಲ ಸುತ್ತಿಬರುವುದು. ಹೀಗೆ ಎರಡೂ ಕೂಡಿಬರುವುದು ಬಹು ಕಾಲಕ್ಕೊಮ್ಮೆ.

ಅಕ್ಕನ ಎದುರುಮನೆಯವಳು ಮಲಯದ ಹೆಂಗಸು, ಅಕ್ಕನಿಗಿಂತ ಕೊಂಚ ಕಿರಿಯಳು. ಸರ್ಕಾರ ಕಟ್ಟಿಸಿದ ಆ ಎತ್ತರದ ಮನೆಗಳಲ್ಲಿ ಯಾವ ಜನಾಂಗವೂ ಒಂದೆಡೆ ಗುಂಪುಗೂಡದಂತೆ 1989ರಿಂದ ಮಿತಿ ಹಾಕಿರುವುದರಿಂದ ನೆರೆಹೊರೆಯು ಹೀಗೆ ಬೆರಕೆಯಾಗಿಯೇ ಇರುವುದು. ಇವಳಿಗೆ ಕನ್ನಡ ಬಾರದು, ಅಕ್ಕನಿಗೆ ಮಲಯವೂ ಬಾರದು, ಇಂಗ್ಲಿಷೂ ಬಾರದು. ಮಲಯದಲ್ಲಿ ಹಿರಿಯ ಸೋದರಿಗೆ 'ಕಕಾಕ್' ಎನ್ನುವರು. ಅವಳು ಹಾಗೆ ಕೂಗಿದರೆ ನಮ್ಮವಳ ಕಿವಿಗೆ ಅದು ಅಕ್ಕ ಎಂದೇ ಕೇಳಿಸುವುದು. ಮಿಕ್ಕ ಸಂಭಾಷಣೆಯೆಲ್ಲ ನೀಲಿ ಮುಚ್ಚಳದ ಒಂದು ಡಬ್ಬಿಯ ಮೂಲಕ. ಆ ಭಾನುವಾರ ಅಕ್ಕ ಬೇಯಿಸಿದ ಬೇಳೆಯ ಒಬ್ಬಟ್ಟು ನಾಲ್ಕು ಅದರಲ್ಲಿ ಹೋಯಿತು. ಅವಳು ಕೊನೆಯ ಉಪವಾಸದಲ್ಲಿದ್ದಳು; ಏಳೂಕಾಲರ ಸುಮಾರಿಗೆ ಸೂರ್ಯನಿಳಿದ ಮೇಲೆ ಬಾಗಿಲಿಗೆ ಬಂದು, ಒಬ್ಬಟ್ಟಿನ ಚೂರನ್ನು ಕೈಯಲ್ಲಿ ಹಿಡಿದು ತೋರಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡಳು.

ಮರುದಿನ ನಮಗೆಲ್ಲ ಅವಳ ಮನೆಯಲ್ಲಿ ಊಟ. ಒಂದು ವಾರದ ಹಿಂದೆಯೇ ಬಂದು ಅಕ್ಕನ ಅಡಿಗೆಮನೆಯಿಂದ ಒಂದು ಪಾತ್ರೆಯನ್ನು ಕೇಳಿ ತೆಗೆದುಕೊಂಡು ಹೋಗಿದ್ದಳಂತೆ; ತೆಂಗಿನ ಹಾಲಿನಲ್ಲಿ ಬೇಯಿಸುವ ತರಕಾರಿಯನ್ನು, ಅವರು ಹಾಕುವ ಒಣಸೀಗಡಿಯನ್ನು ಬಿಟ್ಟು, ಆ ಪಾತ್ರೆಯಲ್ಲಿಯೇ ನಮಗಾಗಿ ಬೇರೆ ಮಾಡಿದ್ದಳು. ತೆಂಗಿನ ಗರಿಯ ಬುಟ್ಟಿಯಲ್ಲಿ ಕಟ್ಟಿ ಬೇಯಿಸಿದ ಅನ್ನ. ಬೆಲ್ಲವನ್ನೊಳಗೊಂಡು ಮೇಲೆ ಕಾಯಿತುರಿ ಹೊದ್ದ ಹಸಿರು ಉಂಡೆ, ನಮ್ಮ ಕಡುಬಿನ ದಾಯಾದಿ. ಸಂಸ್ಕೃತ ಓದಿದವರು ಅಲ್ಲಿ ಉಂಡಿರಾ ಎಂದು ಊರಿನಲ್ಲಿ ಇಬ್ಬರು ಮೂವರು ಕೇಳಿದರು. ಉಂಡೆವು, ಎರಡನೆಯ ಸಲ ಹಾಕಿಸಿಕೊಂಡೂ ಉಂಡೆವು.

ಆ ರಾತ್ರಿ ಅಕ್ಕನೊಡನೆ ಕುಳಿತು ಸುಣ್ಣ ಬಳಿಸಿದ ಕೋಣೆಯ ವಿಷಯವನ್ನೆತ್ತಿದೆವು. ಅವಳು ಬಹಳ ಹೊತ್ತು ಸುಮ್ಮನಿದ್ದು, ನಮ್ಮ ಮನೆಯವರ ಕಡೆ ಒಮ್ಮೆ ನೋಡಿ ಹೇಳಿದಳು:

"ಅಲ್ಲಿ ಇವಳು ಬಡಿಸ್ತಾಳೆ, ನಾನು ಉಣ್ತೀನಿ. ಚೆನ್ನಾಗಿಯೇ ನೋಡ್ಕೋತಾಳೆ, ಅದರಲ್ಲಿ ಸಂಶಯವಿಲ್ಲ. ಇಲ್ಲಿ ಬಡಿಸೋಳು ನಾನು ಕಣೋ. ಹಗಲು ಒಬ್ಬಳೇ ಇರ್ತೀನಿ, ನಿಜ. ಆದರೆ ಸಂಜೆಗೆ ಏನು ಮಾಡಲಿ ಅನ್ನೋ ಯೋಚನೆ ನನ್ನದೇ ಇರ್ತದೆ."

ನಮ್ಮ ಮನೆಯವರು ತಲೆ ತಗ್ಗಿಸಿ, "ಅತ್ತಿಗೆ ಹೇಳೋದು ಸರಿ" ಎಂದರು. ಗೃಹಿಣಿಯರ ನ್ಯಾಯಸ್ಥಾನದಲ್ಲಿ ಇಬ್ಬರು ಒಂದಾದ ಮೇಲೆ ನಾವು ವಾದಿಸುವುದೇನಿದೆ? ಅಕ್ಕನ ಹೆಸರಿನಲ್ಲಿ ಚೀಟಿ ತೆಗೆಸಲಿಲ್ಲ.

ಹೊರಟ ದಿನ ಎದುರುಮನೆಯವಳು ದಾರಿಗೆಂದು ಅದೇ ನೀಲಿ ಮುಚ್ಚಳದ ಡಬ್ಬಿಯ ತುಂಬ ಸಿಹಿ ಬಿಸ್ಕತ್ತುಗಳನ್ನಿಟ್ಟು ಕೊಟ್ಟಳು. ಬಿಸ್ಕತ್ತು ಬೆಂಗಳೂರು ಮುಟ್ಟುವ ಮೊದಲೇ ಮುಗಿಯಿತು. ಡಬ್ಬಿಯು ಈಗ ಮಿಡಿಗೇಶಿಯ ನಮ್ಮ ಅಡಿಗೆಮನೆಯ ಗೂಡಿನಲ್ಲಿದೆ. ಬರಿದಾಗಿ ಹಿಂದಿರುಗಿಸುವಂತಿಲ್ಲವಷ್ಟೆ, ಅಕ್ಕನ ಮಗಳು ಊರಿಗೆ ಬಂದಾಗ ಅವಳ ಕೈಯಲ್ಲಿ ಕಳುಹಿಸುವುದಕ್ಕೆ ಕಡಲೆಕಾಯಿಯ ಉಂಡೆಯೇ ಆದೀತೋ, ಹುರಿಹಿಟ್ಟು ಮೇಲೋ ಎಂದು ನಮ್ಮ ಮನೆಯವರು ದಿನಕ್ಕೊಮ್ಮೆ ಕೇಳುತ್ತಿರುವರು.